ಹೃದಯ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ರಕ್ತಸ್ರಾವವನ್ನು ಕಡಿಮೆ ಮಾಡುವ ಔಷಧಗಳು: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ತೆರೆದ ಹೃದಯ ಶಸ್ತ್ರಚಿಕಿತ್ಸೆಗೆ ದಿನಾಂಕ ನಿಗದಿಯಾದ ಕೂಡಲೇ ರೋಗಿಯ ಕುಟುಂಬದವರಿಗೆ ಆಸ್ಪತ್ರೆಯಿಂದ ಬರುವ ಸೂಚನೆಗಳಲ್ಲಿ ರಕ್ತದ ವ್ಯವಸ್ಥೆ ಮಾಡಿಕೊಳ್ಳಬೇಕೆಂಬುದೂ ಒಂದು. ಎಷ್ಟು ಯೂನಿಟ್ ರಕ್ತ ಬೇಕಾಗಬಹುದು, ಅಷ್ಟು ರಕ್ತ ಏಕೆ ಹೋಗುತ್ತದೆ, ಅದನ್ನು ತಡೆಯಲು ಔಷಧಗಳಿಲ್ಲವೇ, ಅಂತಹ ಔಷಧಗಳಿಂದ ಅಪಾಯವಿಲ್ಲವೇ ಎಂಬ ಪ್ರಶ್ನೆಗಳು ಈ ಹಂತದಲ್ಲಿ ಸಹಜವಾಗಿ ಉದ್ಭವಿಸುತ್ತವೆ. ಶಸ್ತ್ರಚಿಕಿತ್ಸೆಗೆ ಮುನ್ನ ಸಹಿ ಮಾಡಬೇಕಾದ ಒಪ್ಪಿಗೆ ಪತ್ರದಲ್ಲಿಯೂ ರಕ್ತಸ್ರಾವ, ರಕ್ತ ಪೂರಣ ಹಾಗೂ ಮರುಶಸ್ತ್ರಚಿಕಿತ್ಸೆಯ ಸಾಧ್ಯತೆಗಳ ಉಲ್ಲೇಖವಿರುತ್ತದೆ. ಸದರಿ ವಿಷಯಗಳನ್ನು ಸಾರ್ವಜನಿಕರು ತಿಳಿದು ಸಹಿ ಮಾಡುವುದು ಸೂಕ್ತವಾದ ಕಾರಣ ಈ ಮಾಹಿತಿಯನ್ನು ಸರಳವಾಗಿ ಇಲ್ಲಿ ನೀಡಲಾಗಿದೆ.

ಇದು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಯಾವ ರೋಗಿಗೆ ಯಾವ ಔಷಧವನ್ನು ಎಷ್ಟು ಪ್ರಮಾಣದಲ್ಲಿ ನೀಡಬೇಕೆಂಬುದನ್ನು ಚಿಕಿತ್ಸೆ ನೀಡುವ ಶಸ್ತ್ರವೈದ್ಯರು ಮತ್ತು ಅರಿವಳಿಕೆ ತಜ್ಞರೇ ನಿರ್ಧರಿಸುತ್ತಾರೆ.

2. ಹೃದಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ಹೆಚ್ಚಾಗಲು ಕಾರಣಗಳು

ವಯಸ್ಕರ ದೇಹದಲ್ಲಿ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 70 ಮಿಲಿಲೀಟರ್ ರಕ್ತವಿರುತ್ತದೆ. 60 ಕಿಲೋಗ್ರಾಂ ತೂಕದ ವ್ಯಕ್ತಿಯಲ್ಲಿ ಇದು ಸುಮಾರು 4.2 ಲೀಟರ್ ಆಗುತ್ತದೆ. ಗಾಯವಾದಾಗ ದೇಹವು ಈ ರಕ್ತವನ್ನು ಎರಡು ಕ್ರಮಗಳಿಂದ ಕಾಪಾಡಿಕೊಳ್ಳುತ್ತದೆ. ಮೊದಲನೆಯದಾಗಿ, ಪ್ಲೇಟ್‌ಲೆಟ್ ಎಂಬ ಸೂಕ್ಷ್ಮ ಕಣಗಳು ಗಾಯದ ಬಾಯಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ತಡೆಯನ್ನು ನಿರ್ಮಿಸುತ್ತವೆ. ಎರಡನೆಯದಾಗಿ, ರಕ್ತದಲ್ಲಿರುವ ಹೆಪ್ಪುಗಟ್ಟಿಸುವ ಅಂಶಗಳು ಒಂದರ ನಂತರ ಒಂದು ಕ್ರಿಯಾಶೀಲವಾಗಿ, ಅಂತಿಮವಾಗಿ ಫೈಬ್ರಿನ್ ಎಂಬ ನಾರಿನ ಬಲೆಯನ್ನು ಹೆಣೆಯುತ್ತವೆ. ಈ ಬಲೆಯೇ ಹೆಪ್ಪಿಗೆ ಬಲ ನೀಡುತ್ತದೆ.

ಹೆಪ್ಪುಗಟ್ಟಿಸುವ ವ್ಯವಸ್ಥೆಯ ಜೊತೆಗೇ ಹೆಪ್ಪನ್ನು ಕರಗಿಸುವ ವ್ಯವಸ್ಥೆಯೂ ದೇಹದಲ್ಲಿದೆ. ರಕ್ತದಲ್ಲಿರುವ ಪ್ಲಾಸ್ಮಿನೋಜನ್ ಎಂಬ ವಸ್ತುವು ಪ್ಲಾಸ್ಮಿನ್ ಆಗಿ ಮಾರ್ಪಟ್ಟು ಫೈಬ್ರಿನ್ ಬಲೆಯನ್ನು ಕತ್ತರಿಸುತ್ತದೆ. ಗಾಯ ಮಾಗಿದ ಮೇಲೆ ಹೆಪ್ಪು ಉಳಿದು ರಕ್ತನಾಳಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳುವುದು ಇದರ ಕೆಲಸ. ಆರೋಗ್ಯವಂತರಲ್ಲಿ ಈ ಎರಡೂ ವ್ಯವಸ್ಥೆಗಳು ಸಮತೋಲನದಲ್ಲಿರುತ್ತವೆ.

ತೆರೆದ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಈ ಸಮತೋಲನ ತಪ್ಪಲು ಮುಖ್ಯ ಕಾರಣಗಳು ಈ ಕೆಳಕಂಡಂತಿವೆ.

(ಅ) ಹೃದಯವನ್ನು ನಿಲ್ಲಿಸಿ ಶಸ್ತ್ರಚಿಕಿತ್ಸೆ ಮಾಡುವಾಗ ಹೃದಯ-ಶ್ವಾಸಕೋಶ ಯಂತ್ರವು ರಕ್ತ ಪರಿಚಲನೆಯ ಹೊಣೆಯನ್ನು ಹೊರುತ್ತದೆ. ರಕ್ತವು ಯಂತ್ರದ ಪ್ಲಾಸ್ಟಿಕ್ ಕೊಳವೆಗಳನ್ನು ಸ್ಪರ್ಶಿಸಿದಾಗ ಹೆಪ್ಪುಗಟ್ಟಿಸುವ ಹಾಗೂ ಕರಗಿಸುವ ವ್ಯವಸ್ಥೆಗಳೆರಡೂ ಕೆರಳುತ್ತವೆ. ಪ್ಲಾಸ್ಮಿನ್ ಪ್ರಮಾಣ ಏರುತ್ತದೆ.
(ಆ) ಯಂತ್ರದ ಕೊಳವೆಗಳನ್ನು ತುಂಬಲು ಒಂದು ಲೀಟರ್ ಅಥವಾ ಅದಕ್ಕಿಂತ ಹೆಚ್ಚು ದ್ರಾವಣವನ್ನು ಬಳಸುವುದರಿಂದ ರೋಗಿಯ ರಕ್ತ ತೆಳುವಾಗುತ್ತದೆ; ಹೆಪ್ಪುಗಟ್ಟಿಸುವ ಅಂಶಗಳ ಸಾಂದ್ರತೆ ಇಳಿಯುತ್ತದೆ.
(ಇ) ಯಂತ್ರದ ಮೂಲಕ ಹಾದುಹೋಗುವ ಪ್ಲೇಟ್‌ಲೆಟ್‌ಗಳ ಸಂಖ್ಯೆ ಹಾಗೂ ಕಾರ್ಯಶಕ್ತಿ ಕುಗ್ಗುತ್ತವೆ.
(ಈ) ಅಂಗಾಂಗಗಳ ರಕ್ಷಣೆಗಾಗಿ ದೇಹವನ್ನು ತಂಪುಗೊಳಿಸಿದಾಗ ಹೆಪ್ಪುಗಟ್ಟುವ ಕ್ರಿಯೆ ನಿಧಾನವಾಗುತ್ತದೆ.
(ಉ) ಅನೇಕ ರೋಗಿಗಳು ಶಸ್ತ್ರಚಿಕಿತ್ಸೆಗೆ ಮುನ್ನವೇ ರಕ್ತ ತೆಳುಗೊಳಿಸುವ ಮಾತ್ರೆಗಳನ್ನು ಸೇವಿಸುತ್ತಿರುತ್ತಾರೆ.

ಹೃದಯ ಬಡಿಯುತ್ತಿರುವಾಗಲೇ, ಯಂತ್ರವಿಲ್ಲದೆ ಬೈಪಾಸ್ ಮಾಡುವ ವಿಧಾನವೂ ಇದೆ. ಭಾರತದಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಗಳ ಗಣನೀಯ ಭಾಗ ಈ ವಿಧಾನದಲ್ಲಿಯೇ ನಡೆಯುತ್ತದೆ. ಇದರಲ್ಲಿ ಮೇಲ್ಕಂಡ ಕೆಲವು ಕಾರಣಗಳು ಇಲ್ಲವಾದರೂ ರಕ್ತಸ್ರಾವದ ಸಾಧ್ಯತೆ ಪೂರ್ಣವಾಗಿ ತಪ್ಪುವುದಿಲ್ಲ. ಕವಾಟ ಬದಲಾವಣೆ, ಮಹಾಪಧಮನಿಯ ಶಸ್ತ್ರಚಿಕಿತ್ಸೆ ಹಾಗೂ ಎರಡನೆಯ ಬಾರಿ ಎದೆ ತೆರೆಯುವ ಸಂದರ್ಭಗಳಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚು.

3. ಹೆಪಾರಿನ್ ಮತ್ತು ಪ್ರೋಟಮೀನ್

ರಕ್ತಸ್ರಾವ ತಡೆಯುವ ಔಷಧಗಳ ವಿಚಾರವನ್ನು ಅರಿಯಲು ಮೊದಲು ಅದಕ್ಕೆ ವಿರುದ್ಧವಾದ ಔಷಧವನ್ನು ಅರಿಯಬೇಕಾಗುತ್ತದೆ. ಯಂತ್ರದೊಳಗೆ ರಕ್ತ ಹೆಪ್ಪುಗಟ್ಟಿದರೆ ರೋಗಿಯ ಪ್ರಾಣಕ್ಕೇ ಅಪಾಯ. ಆದುದರಿಂದ ಯಂತ್ರಕ್ಕೆ ಜೋಡಿಸುವ ಮುನ್ನ ಹೆಪಾರಿನ್ ಎಂಬ ಔಷಧವನ್ನು ನೀಡಿ, ರಕ್ತ ಹೆಪ್ಪುಗಟ್ಟದಂತೆ ಉದ್ದೇಶಪೂರ್ವಕವಾಗಿ ತಡೆಯಲಾಗುತ್ತದೆ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ, ವಿಲಿಯಂ ಹೋವೆಲ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ ಕಂಡುಬಂದ ಸಂಗತಿಯು ಈ ಔಷಧಕ್ಕೆ ಮೂಲವಾಯಿತು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಡಾ. ಜಾನ್ ಗಿಬ್ಬನ್ ಅವರು ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ನಡೆಸಿದ ಪ್ರಥಮ ಯಶಸ್ವಿ ಶಸ್ತ್ರಚಿಕಿತ್ಸೆ ಸಾಧ್ಯವಾಗಿದ್ದು ಹೆಪಾರಿನ್ ಇದ್ದುದರಿಂದಲೇ.

ಸಾಮಾನ್ಯವಾಗಿ ಪ್ರತಿ ಕಿಲೋಗ್ರಾಂ ತೂಕಕ್ಕೆ 300 ರಿಂದ 400 ಯೂನಿಟ್ ಹೆಪಾರಿನ್ ನೀಡಲಾಗುತ್ತದೆ. ರಕ್ತ ಹೆಪ್ಪುಗಟ್ಟಲು ತಗಲುವ ಸಮಯವನ್ನು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿಯೇ ಪದೇ ಪದೇ ಅಳೆದು, ಅದು 400 ರಿಂದ 480 ಸೆಕೆಂಡುಗಳಿಗಿಂತ ಹೆಚ್ಚಿರುವಂತೆ ನೋಡಿಕೊಳ್ಳಲಾಗುತ್ತದೆ. ಯಂತ್ರದಿಂದ ಬೇರ್ಪಡಿಸಿದ ನಂತರ ಹೆಪಾರಿನ್ ಪರಿಣಾಮವನ್ನು ನಿವಾರಿಸಲು ಪ್ರೋಟಮೀನ್ ನೀಡಲಾಗುತ್ತದೆ. ಇದು ಹೆಪಾರಿನ್‌ಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಪ್ರೋಟಮೀನ್ ಕಡಿಮೆಯಾದರೆ ಹೆಪಾರಿನ್ ಉಳಿದು ರಕ್ತಸ್ರಾವವಾಗುತ್ತದೆ. ಅತಿಯಾದರೆ ಪ್ರೋಟಮೀನ್ ತಾನೇ ಹೆಪ್ಪುಗಟ್ಟುವಿಕೆಯನ್ನು ಕುಂದಿಸುತ್ತದೆ. ಆದ್ದರಿಂದ ನೀಡಿದ ಹೆಪಾರಿನ್‌ಗೆ ಅನುಗುಣವಾಗಿ ಲೆಕ್ಕ ಹಾಕಿಯೇ ಇದನ್ನು ನೀಡತಕ್ಕದ್ದಾಗಿದೆ.

ಪ್ರೋಟಮೀನ್ ಮೂಲತಃ ಸಾಲ್ಮನ್ ಮೀನಿನಿಂದ ಪಡೆದ ವಸ್ತು. ಇದನ್ನು ನೀಡುವಾಗ ಕೆಲವರಲ್ಲಿ ರಕ್ತದೊತ್ತಡ ಕುಸಿಯಬಹುದು ಅಥವಾ ತೀವ್ರ ಅಲರ್ಜಿ ಉಂಟಾಗಬಹುದು. ಈ ಕಾರಣಕ್ಕಾಗಿ ಇದನ್ನು ನಿಧಾನವಾಗಿ ನೀಡಲಾಗುತ್ತದೆ. ಮೀನಿನ ಅಲರ್ಜಿ ಇರುವವರು, ಪ್ರೋಟಮೀನ್ ಬೆರೆತ ಇನ್ಸುಲಿನ್ ತೆಗೆದುಕೊಂಡವರು ಹಾಗೂ ಹಿಂದೆ ಇಂತಹ ಶಸ್ತ್ರಚಿಕಿತ್ಸೆಗೆ ಒಳಗಾದವರು ಈ ವಿಷಯವನ್ನು ಅರಿವಳಿಕೆ ತಜ್ಞರಿಗೆ ತಪ್ಪದೇ ತಿಳಿಸತಕ್ಕದ್ದು. ಇಂದು ಬಳಕೆಯಲ್ಲಿರುವ ಹೆಪಾರಿನ್ ಬಹುತೇಕ ಹಂದಿಯ ಕರುಳಿನಿಂದ ತಯಾರಾಗುತ್ತದೆ. ಧಾರ್ಮಿಕ ಅಥವಾ ವೈಯಕ್ತಿಕ ಕಾರಣಗಳಿಂದ ಈ ಬಗ್ಗೆ ವಿಚಾರಿಸಲು ಇಚ್ಛಿಸುವವರು ಶಸ್ತ್ರಚಿಕಿತ್ಸೆಗೆ ಸಾಕಷ್ಟು ಮುಂಚಿತವಾಗಿಯೇ ವೈದ್ಯರೊಡನೆ ಚರ್ಚಿಸಬಹುದು.

4. ಹೆಪ್ಪು ಕರಗುವುದನ್ನು ತಡೆಯುವ ಔಷಧಗಳು

ಹೆಪಾರಿನ್ ಪರಿಣಾಮವನ್ನು ನಿವಾರಿಸಿದ ನಂತರವೂ ಏರಿದ ಪ್ಲಾಸ್ಮಿನ್ ಹೊಸದಾಗಿ ಉಂಟಾದ ಹೆಪ್ಪನ್ನು ಕರಗಿಸುತ್ತಿರುತ್ತದೆ. ಒಂದೆಡೆ ಗಾಯ ಮುಚ್ಚುತ್ತಿದ್ದಂತೆಯೇ ಇನ್ನೊಂದೆಡೆ ಅದು ತೆರೆದುಕೊಳ್ಳುತ್ತದೆ. ಇದನ್ನು ತಡೆಯುವ ಔಷಧಗಳಲ್ಲಿ ಎರಡು ಬಗೆಗಳಿವೆ.

ಮೊದಲನೆಯ ಬಗೆಯಲ್ಲಿ ಟ್ರಾನೆಕ್ಸಾಮಿಕ್ ಆಮ್ಲ ಹಾಗೂ ಎಪ್ಸಿಲಾನ್ ಅಮೈನೊಕ್ಯಾಪ್ರೋಯಿಕ್ ಆಮ್ಲ ಸೇರುತ್ತವೆ. ಇವು ಲೈಸಿನ್ ಎಂಬ ಅಮೈನೊ ಆಮ್ಲವನ್ನು ಹೋಲುವ ಕೃತಕ ವಸ್ತುಗಳು. ಪ್ಲಾಸ್ಮಿನೋಜನ್ ಫೈಬ್ರಿನ್ ಬಲೆಯನ್ನು ಹಿಡಿದುಕೊಳ್ಳುವುದು ಆ ಬಲೆಯಲ್ಲಿರುವ ಲೈಸಿನ್ ತಾಣಗಳ ಮೂಲಕ. ಈ ಔಷಧಗಳು ಪ್ಲಾಸ್ಮಿನೋಜನ್‌ನ ಹಿಡಿಕೆಯ ಜಾಗವನ್ನು ತಾವೇ ತುಂಬುವುದರಿಂದ ಅದಕ್ಕೆ ಫೈಬ್ರಿನ್ ಬಲೆ ಸಿಗುವುದಿಲ್ಲ, ಹೆಪ್ಪು ಉಳಿದುಕೊಳ್ಳುತ್ತದೆ. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ ಈ ಔಷಧಗಳು ಹೊಸದಾಗಿ ಹೆಪ್ಪನ್ನು ಸೃಷ್ಟಿಸುವುದಿಲ್ಲ. ಆಗಿರುವ ಹೆಪ್ಪನ್ನು ಅಕಾಲದಲ್ಲಿ ಕರಗದಂತೆ ಕಾಪಾಡುತ್ತವೆ.

ಟ್ರಾನೆಕ್ಸಾಮಿಕ್ ಆಮ್ಲವನ್ನು ಜಪಾನಿನ ಶೋಸುಕೆ ಒಕಾಮೊಟೊ ಮತ್ತು ಉಟಾಕೊ ಒಕಾಮೊಟೊ ದಂಪತಿಗಳು ಅಭಿವೃದ್ಧಿಪಡಿಸಿ 1962ರಲ್ಲಿ ಪ್ರಕಟಿಸಿದರು. ಹೆರಿಗೆಯ ನಂತರದ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸುವುದು ಉಟಾಕೊ ಅವರ ಆಶಯವಾಗಿತ್ತು. ಅದಕ್ಕೂ ಮೊದಲು 1950ರ ದಶಕದಲ್ಲಿ ಅವರ ತಂಡವೇ ಗುರುತಿಸಿದ್ದ ಎಪ್ಸಿಲಾನ್ ಅಮೈನೊಕ್ಯಾಪ್ರೋಯಿಕ್ ಆಮ್ಲಕ್ಕಿಂತ ಇದು ಹಲವು ಪಟ್ಟು ಪ್ರಬಲವಾಗಿದೆ. ಇದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿಯೂ ಭಾರತದ ರಾಷ್ಟ್ರೀಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿಯೂ ಸೇರಿದೆ. ಇದು ದುಬಾರಿ ಔಷಧವಲ್ಲ.

ಎರಡನೆಯ ಬಗೆಗೆ ಸೇರಿದ ಔಷಧ ಅಪ್ರೋಟಿನಿನ್. ದನದ ಶ್ವಾಸಕೋಶದಿಂದ ಪಡೆಯುವ ಈ ವಸ್ತು ಪ್ಲಾಸ್ಮಿನ್ ಸೇರಿದಂತೆ ಹಲವು ಕಿಣ್ವಗಳನ್ನು ನೇರವಾಗಿ ತಡೆಯುತ್ತದೆ. ಇದರ ಕಥೆಯನ್ನು ಪ್ರತ್ಯೇಕವಾಗಿ ತಿಳಿಯುವುದು ಅವಶ್ಯಕ.

5. ಅಪ್ರೋಟಿನಿನ್: ರಕ್ತ ಉಳಿಸಿದ ಮಾತ್ರಕ್ಕೆ ಸಾಲದು

1987ರಲ್ಲಿ ಲಂಡನ್ನಿನ ವೈದ್ಯರು ಎರಡನೆಯ ಬಾರಿ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳಲ್ಲಿ ಅಪ್ರೋಟಿನಿನ್ ರಕ್ತಸ್ರಾವವನ್ನು ಗಮನಾರ್ಹವಾಗಿ ತಗ್ಗಿಸುತ್ತದೆಂದು ವರದಿ ಮಾಡಿದರು. ಅಮೆರಿಕದಲ್ಲಿ 1993ರಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಗಾಗಿ ಇದಕ್ಕೆ ಅನುಮತಿ ದೊರೆಯಿತು. ಟ್ರಾಸಿಲಾಲ್ ಎಂಬ ಹೆಸರಿನಲ್ಲಿ ಬೇಯರ್ ಕಂಪನಿಯು ಮಾರುತ್ತಿದ್ದ ಈ ಔಷಧವು ಅನೇಕ ದೇಶಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು.

2006ರಲ್ಲಿ ಪ್ರಕಟವಾದ ಒಂದು ವೀಕ್ಷಣಾ ಅಧ್ಯಯನವು ಈ ಔಷಧ ಪಡೆದವರಲ್ಲಿ ಮೂತ್ರಪಿಂಡ ವೈಫಲ್ಯ ಹಾಗೂ ಇತರ ತೊಂದರೆಗಳು ಹೆಚ್ಚೆಂದು ಸೂಚಿಸಿತು. ಆದರೆ ವೀಕ್ಷಣಾ ಅಧ್ಯಯನದಲ್ಲಿ ಹೆಚ್ಚು ಅಪಾಯದಲ್ಲಿದ್ದ ರೋಗಿಗಳಿಗೇ ಈ ಔಷಧ ನೀಡಿರುವ ಸಾಧ್ಯತೆ ಇರುತ್ತದೆ. ಖಚಿತ ಉತ್ತರಕ್ಕಾಗಿ ರೋಗಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ವಿಂಗಡಿಸಿ ಹೋಲಿಸುವ ಅಧ್ಯಯನ ಬೇಕಾಗುತ್ತದೆ. ಕೆನಡಾದಲ್ಲಿ ನಡೆದ ಬಾರ್ಟ್ ಎಂಬ ಅಧ್ಯಯನ ಅಂತಹುದು. ರಕ್ತಸ್ರಾವದ ಅಪಾಯ ಹೆಚ್ಚಿದ್ದ 2,331 ರೋಗಿಗಳನ್ನು ಅದರಲ್ಲಿ ಮೂರು ಔಷಧಗಳಿಗೆ ಹಂಚಲಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶ ಈ ಕೆಳಕಂಡಂತಿದೆ.

ಅಪ್ರೋಟಿನಿನ್: ಭಾರಿ ರಕ್ತಸ್ರಾವ ಶೇ. 9.5, 30 ದಿನಗಳೊಳಗೆ ಮರಣ ಶೇ. 6.0
ಟ್ರಾನೆಕ್ಸಾಮಿಕ್ ಆಮ್ಲ: ಭಾರಿ ರಕ್ತಸ್ರಾವ ಶೇ. 12.1, 30 ದಿನಗಳೊಳಗೆ ಮರಣ ಶೇ. 3.9
ಎಪ್ಸಿಲಾನ್ ಅಮೈನೊಕ್ಯಾಪ್ರೋಯಿಕ್ ಆಮ್ಲ: ಭಾರಿ ರಕ್ತಸ್ರಾವ ಶೇ. 12.1, 30 ದಿನಗಳೊಳಗೆ ಮರಣ ಶೇ. 4.0

ಅಂದರೆ, ರಕ್ತಸ್ರಾವ ತಡೆಯುವಲ್ಲಿ ಮುಂದಿದ್ದ ಔಷಧವೇ ಮರಣದ ಲೆಕ್ಕದಲ್ಲಿಯೂ ಮುಂದಿತ್ತು. ಮರಣದ ಸೂಚನೆ ಕಂಡುಬಂದ ಕಾರಣ 2007ರಲ್ಲಿ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬೇಯರ್ ಕಂಪನಿಯು ಔಷಧದ ಮಾರಾಟವನ್ನು ಸ್ಥಗಿತಗೊಳಿಸಿತು. ಮುಂದೆ ಸದರಿ ಅಧ್ಯಯನದ ವಿಶ್ಲೇಷಣೆಯ ಬಗ್ಗೆ ಆಕ್ಷೇಪಗಳು ಬಂದು, ಮರುಪರಿಶೀಲನೆಯ ನಂತರ 2012ರಲ್ಲಿ ಯೂರೋಪಿನ ಔಷಧ ಸಂಸ್ಥೆಯು ತಡೆಯನ್ನು ತೆರವುಗೊಳಿಸಲು ಶಿಫಾರಸು ಮಾಡಿತು. ಆದರೆ ಕವಾಟ ಇತ್ಯಾದಿ ಶಸ್ತ್ರಚಿಕಿತ್ಸೆ ಜೊತೆಗೂಡಿರದ ಬೈಪಾಸ್ ಮಾತ್ರ ಮಾಡಿಸಿಕೊಳ್ಳುವ, ಭಾರಿ ರಕ್ತಸ್ರಾವದ ಅಪಾಯವಿರುವ ವಯಸ್ಕರಿಗೆ ಸೀಮಿತಗೊಳಿಸಿ, ಲಾಭ-ನಷ್ಟಗಳನ್ನು ತೂಗಿ ನೋಡಿದ ಮೇಲಷ್ಟೇ ಬಳಸಬೇಕೆಂಬ ಷರತ್ತನ್ನು ವಿಧಿಸಲಾಯಿತು.

ಈ ಪ್ರಕರಣದಿಂದ ತಿಳಿಯಬೇಕಾದದ್ದು ಇಷ್ಟೇ. ಎದೆಯ ಕೊಳವೆಯಲ್ಲಿ ಎಷ್ಟು ರಕ್ತ ಬಂದಿತು ಎಂಬುದು ಅಳತೆಗೆ ಸುಲಭ. ಆದರೆ ರೋಗಿಯು ಜೀವಂತವಾಗಿ, ಮೂತ್ರಪಿಂಡ ಮತ್ತು ಮೆದುಳಿಗೆ ಹಾನಿಯಾಗದೆ ಮನೆಗೆ ಮರಳಿದನೇ ಎಂಬುದೇ ಚಿಕಿತ್ಸೆಯ ನಿಜವಾದ ಅಳತೆ.

6. ಟ್ರಾನೆಕ್ಸಾಮಿಕ್ ಆಮ್ಲ: ಲಾಭ ಮತ್ತು ಅಪಾಯ

ಹೆಪ್ಪು ಕರಗದಂತೆ ತಡೆದರೆ ಹೊಸದಾಗಿ ಜೋಡಿಸಿದ ರಕ್ತನಾಳದಲ್ಲಿಯೇ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದೇ, ಪಾರ್ಶ್ವವಾಯು ತಗಲಬಹುದೇ ಎಂಬ ಆತಂಕ ಟ್ರಾನೆಕ್ಸಾಮಿಕ್ ಆಮ್ಲದ ಬಗ್ಗೆಯೂ ಇತ್ತು. ಇದಕ್ಕೆ ಉತ್ತರ ಕಂಡುಕೊಳ್ಳಲು ನಡೆದ ಅಟಾಕಾಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಹೃದಯದ ರಕ್ತನಾಳಗಳ ಶಸ್ತ್ರಚಿಕಿತ್ಸೆಗೆ ಒಳಗಾದ 4,631 ರೋಗಿಗಳ ಮಾಹಿತಿಯನ್ನು ಇದರಲ್ಲಿ ಪರಿಶೀಲಿಸಲಾಗಿದೆ. ಅವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಔಷಧವನ್ನೂ ಉಳಿದವರಿಗೆ ಔಷಧವಿಲ್ಲದ ದ್ರಾವಣವನ್ನೂ ನೀಡಲಾಗಿತ್ತು. ಮುಖ್ಯ ಅಂಶಗಳು ಹೀಗಿವೆ.

(ಅ) ಮರಣ ಅಥವಾ ಹೆಪ್ಪುಗಟ್ಟುವಿಕೆಯಿಂದಾಗುವ ತೊಂದರೆ 30 ದಿನಗಳೊಳಗೆ ಔಷಧ ಪಡೆದವರಲ್ಲಿ ಶೇ. 16.7, ಪಡೆಯದವರಲ್ಲಿ ಶೇ. 18.1. ಅಂದರೆ ಔಷಧದಿಂದ ಈ ಅಪಾಯ ಹೆಚ್ಚಲಿಲ್ಲ.
(ಆ) ಆಸ್ಪತ್ರೆಯಲ್ಲಿದ್ದಾಗ ನೀಡಿದ ರಕ್ತ ಮತ್ತು ರಕ್ತದ ಘಟಕಗಳು ಔಷಧ ಪಡೆದವರ ಗುಂಪಿನಲ್ಲಿ ಒಟ್ಟು 4,331 ಯೂನಿಟ್, ಪಡೆಯದವರ ಗುಂಪಿನಲ್ಲಿ 7,994 ಯೂನಿಟ್. ಉಳಿತಾಯ 3,663 ಯೂನಿಟ್.
(ಇ) ಭಾರಿ ರಕ್ತಸ್ರಾವ ಅಥವಾ ಹೃದಯದ ಸುತ್ತ ರಕ್ತ ತುಂಬಿ ಒತ್ತಡವಾದ ಕಾರಣ ಮತ್ತೆ ಎದೆ ತೆರೆಯಬೇಕಾಗಿ ಬಂದದ್ದು ಔಷಧ ಪಡೆದವರಲ್ಲಿ ಶೇ. 1.4, ಪಡೆಯದವರಲ್ಲಿ ಶೇ. 2.8.
(ಈ) ಸೆಳವು, ಅಂದರೆ ಫಿಟ್ಸ್, ಔಷಧ ಪಡೆದವರಲ್ಲಿ ಶೇ. 0.7, ಪಡೆಯದವರಲ್ಲಿ ಶೇ. 0.1.

ಸೆಳವಿಗೆ ಕಾರಣವೂ ತಿಳಿದಿದೆ. ಈ ಔಷಧವು ಮೆದುಳಿನಲ್ಲಿ ನರಗಳ ಉದ್ರೇಕವನ್ನು ಶಮನಗೊಳಿಸುವ ಕೆಲವು ಗ್ರಾಹಕಗಳಿಗೆ ಅಡ್ಡಿಪಡಿಸುತ್ತದೆ. ಪ್ರಮಾಣ ಹೆಚ್ಚಿದಷ್ಟೂ ಈ ಅಪಾಯ ಹೆಚ್ಚು. ಚೀನಾದಲ್ಲಿ 3,079 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವು ಹೆಚ್ಚಿನ ಮತ್ತು ಕಡಿಮೆ ಪ್ರಮಾಣಗಳನ್ನು ಹೋಲಿಸಿತು. ಕೆಂಪು ರಕ್ತಕಣ ನೀಡಬೇಕಾಗಿ ಬಂದವರು ಹೆಚ್ಚಿನ ಪ್ರಮಾಣದ ಗುಂಪಿನಲ್ಲಿ ಶೇ. 21.8, ಕಡಿಮೆ ಪ್ರಮಾಣದ ಗುಂಪಿನಲ್ಲಿ ಶೇ. 26.0, ಸೆಳವು ಅನುಕ್ರಮವಾಗಿ ಶೇ. 1.0 ಮತ್ತು ಶೇ. 0.4. ಆದ್ದರಿಂದ ಪ್ರಮಾಣವನ್ನು ನಿಗದಿಪಡಿಸುವಾಗ ರೋಗಿಯ ವಯಸ್ಸು, ಶಸ್ತ್ರಚಿಕಿತ್ಸೆಯ ಸ್ವರೂಪ ಮತ್ತು ರಕ್ತಸ್ರಾವದ ಸಾಧ್ಯತೆಯನ್ನು ಪರಿಗಣಿಸಲಾಗುತ್ತದೆ. ಔಷಧವು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ. ಮೂರ್ಛೆರೋಗದ ಹಿನ್ನೆಲೆ ಇರುವವರು ಅದನ್ನು ಮುಚ್ಚಿಡಬಾರದು.

7. ಇತರ ಔಷಧಗಳು ಮತ್ತು ಕ್ರಮಗಳು

ಮೇಲ್ಕಂಡ ಔಷಧಗಳನ್ನು ನೀಡಿದ ನಂತರವೂ ರಕ್ತಸ್ರಾವ ಮುಂದುವರಿದಲ್ಲಿ ಕಾರಣವನ್ನು ಗುರುತಿಸಿ ಅದಕ್ಕೆ ತಕ್ಕ ಚಿಕಿತ್ಸೆ ನೀಡಲಾಗುತ್ತದೆ. ಫೈಬ್ರಿನೋಜನ್ ಕೊರತೆಯಿದ್ದರೆ ಕ್ರಯೋಪ್ರೆಸಿಪಿಟೇಟ್ ಅಥವಾ ಫೈಬ್ರಿನೋಜನ್ ಸಾಂದ್ರವನ್ನೂ, ಇತರ ಹೆಪ್ಪುಗಟ್ಟಿಸುವ ಅಂಶಗಳ ಕೊರತೆಯಿದ್ದರೆ ಪ್ಲಾಸ್ಮಾ ಅಥವಾ ಪ್ರೋಥ್ರಾಂಬಿನ್ ಸಂಕೀರ್ಣ ಸಾಂದ್ರವನ್ನೂ, ಪ್ಲೇಟ್‌ಲೆಟ್ ಕೊರತೆಯಿದ್ದರೆ ಪ್ಲೇಟ್‌ಲೆಟ್‌ಗಳನ್ನೂ ನೀಡಲಾಗುತ್ತದೆ. ಡೆಸ್ಮೋಪ್ರೆಸಿನ್ ಎಂಬ ಔಷಧವನ್ನು ಪ್ಲೇಟ್‌ಲೆಟ್ ಕಾರ್ಯದೋಷವಿರುವ ಆಯ್ದ ರೋಗಿಗಳಿಗೆ ನೀಡಬಹುದು. ಕ್ರಿಯಾಶೀಲ ಏಳನೆಯ ಅಂಶವೆಂಬ ಔಷಧದಿಂದ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಬೇರೆಲ್ಲ ಮಾರ್ಗಗಳು ವಿಫಲವಾದಾಗ ಮಾತ್ರ ಅದನ್ನು ಪರಿಗಣಿಸಲಾಗುತ್ತದೆ.

ರಕ್ತನಾಳದ ಹೊಲಿಗೆಯಿಂದಲೇ ರಕ್ತ ಸೋರುತ್ತಿದ್ದರೆ ಯಾವ ಔಷಧವೂ ಫಲಿಸದು. ಅದನ್ನು ಶಸ್ತ್ರವೈದ್ಯರೇ ಸರಿಪಡಿಸಬೇಕು. ದೇಹವನ್ನು ಬೆಚ್ಚಗಿಡುವುದು, ರಕ್ತದಲ್ಲಿ ಕ್ಯಾಲ್ಸಿಯಂ ಪ್ರಮಾಣವನ್ನು ಕಾಯ್ದುಕೊಳ್ಳುವುದು ಹಾಗೂ ಸೋರಿದ ರಕ್ತವನ್ನು ಸಂಗ್ರಹಿಸಿ ತೊಳೆದು ಅದೇ ರೋಗಿಗೆ ಮರಳಿಸುವುದೂ ಸಹ ಔಷಧದಷ್ಟೇ ಮುಖ್ಯವಾದ ಕ್ರಮಗಳಾಗಿವೆ.

ರಕ್ತ ನೀಡುವ ಮಟ್ಟದ ಬಗ್ಗೆಯೂ ವೈದ್ಯಕೀಯ ಅಭಿಪ್ರಾಯ ಬದಲಾಗಿದೆ. 2017ರಲ್ಲಿ ಪ್ರಕಟವಾದ ಟ್ರಿಕ್ಸ್-3 ಎಂಬ ಬೃಹತ್ ಅಧ್ಯಯನದಲ್ಲಿ, ಹಿಮೋಗ್ಲೋಬಿನ್ 7.5 ಗ್ರಾಂಗಿಂತ ಇಳಿದಾಗ ಮಾತ್ರ ರಕ್ತ ನೀಡಿದ ರೋಗಿಗಳ ಫಲಿತಾಂಶವು ಹೆಚ್ಚು ಉದಾರವಾಗಿ ರಕ್ತ ನೀಡಿದವರ ಫಲಿತಾಂಶಕ್ಕಿಂತ ಕೆಳಮಟ್ಟದ್ದಾಗಿರಲಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಯ ನಂತರ ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆಯಿದ್ದರೂ ವೈದ್ಯರು ರಕ್ತ ನೀಡದಿದ್ದರೆ ಅದನ್ನು ನಿರ್ಲಕ್ಷ್ಯವೆಂದು ಭಾವಿಸಬೇಕಾಗಿಲ್ಲ.

8. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿ ಮತ್ತು ಕುಟುಂಬದವರು ಗಮನಿಸಬೇಕಾದ ಅಂಶಗಳು

(ಅ) ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿಯನ್ನು ಚೀಟಿಗಳ ಸಮೇತ ಹಾಜರುಪಡಿಸತಕ್ಕದ್ದು. ನೋವು ನಿವಾರಕ ಮಾತ್ರೆ, ಮೀನೆಣ್ಣೆ ಕ್ಯಾಪ್ಸೂಲ್, ನಾಟಿ ಹಾಗೂ ಆಯುರ್ವೇದ ಔಷಧಗಳನ್ನೂ ನಮೂದಿಸತಕ್ಕದ್ದು.
(ಆ) ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ಮುನ್ನ ಕ್ಲೊಪಿಡೊಗ್ರೆಲ್ ಅನ್ನು ಸುಮಾರು 5 ದಿನ, ಟಿಕಾಗ್ರೆಲರ್ ಅನ್ನು 3 ರಿಂದ 5 ದಿನ, ಪ್ರಾಸುಗ್ರೆಲ್ ಅನ್ನು 7 ದಿನ ಹಾಗೂ ವಾರ್ಫರಿನ್ ಅನ್ನು ಸುಮಾರು 5 ದಿನ ಮೊದಲು ನಿಲ್ಲಿಸಲಾಗುತ್ತದೆ. ಆಸ್ಪಿರಿನ್ ಅನ್ನು ಬೈಪಾಸ್ ರೋಗಿಗಳಲ್ಲಿ ಬಹುತೇಕ ಮುಂದುವರಿಸಲಾಗುತ್ತದೆ. ಆದರೆ ಇವುಗಳಲ್ಲಿ ಯಾವುದನ್ನೂ ರೋಗಿಯು ಸ್ವಂತ ನಿರ್ಧಾರದಿಂದ ನಿಲ್ಲಿಸತಕ್ಕದ್ದಲ್ಲ. ಸ್ಟೆಂಟ್ ಅಥವಾ ಕೃತಕ ಕವಾಟ ಇರುವವರು ವೈದ್ಯರ ಸಲಹೆಯಿಲ್ಲದೆ ಮಾತ್ರೆ ನಿಲ್ಲಿಸಿದರೆ ಅಲ್ಲಿ ಹೆಪ್ಪುಗಟ್ಟಿ ಪ್ರಾಣಾಪಾಯವಾಗಬಹುದು.
(ಇ) ಶಸ್ತ್ರಚಿಕಿತ್ಸೆಯ ದಿನಾಂಕ ಮುಂದೂಡಲ್ಪಟ್ಟರೆ, ನಿಲ್ಲಿಸಿದ ಮಾತ್ರೆಗಳನ್ನು ಮತ್ತೆ ಆರಂಭಿಸಬೇಕೇ ಎಂಬುದನ್ನು ಅದೇ ದಿನ ವೈದ್ಯರಲ್ಲಿ ಕೇಳಿ ತಿಳಿಯತಕ್ಕದ್ದು. ಹಲವರು ಈ ಪ್ರಶ್ನೆ ಕೇಳಲು ಮರೆಯುತ್ತಾರೆ.
(ಈ) ರಕ್ತಹೀನತೆ ಇದ್ದಲ್ಲಿ, ಸಮಯಾವಕಾಶವಿದ್ದರೆ, ಶಸ್ತ್ರಚಿಕಿತ್ಸೆಗೆ ಮುನ್ನವೇ ಕಬ್ಬಿಣಾಂಶದ ಚಿಕಿತ್ಸೆ ಪಡೆಯುವುದರಿಂದ ರಕ್ತದ ಅವಶ್ಯಕತೆ ಕಡಿಮೆಯಾಗಬಹುದು.
(ಉ) ಹಲ್ಲು ಕೀಳಿಸಿದಾಗ, ಹೆರಿಗೆಯಲ್ಲಿ ಅಥವಾ ಸಣ್ಣ ಗಾಯಕ್ಕೂ ಅತಿಯಾಗಿ ರಕ್ತ ಹೋದ ಅನುಭವವಿದ್ದರೆ, ಕುಟುಂಬದಲ್ಲಿ ರಕ್ತಸ್ರಾವದ ಕಾಯಿಲೆಯಿದ್ದರೆ ಅಥವಾ ಹಿಂದೆ ಹೆಪಾರಿನ್‌ನಿಂದ ಪ್ಲೇಟ್‌ಲೆಟ್ ಕುಸಿದಿದ್ದರೆ ಕಡ್ಡಾಯವಾಗಿ ತಿಳಿಸತಕ್ಕದ್ದು.

9. ರಕ್ತದ ವ್ಯವಸ್ಥೆ

ಔಷಧಗಳಿಂದ ರಕ್ತದ ಅವಶ್ಯಕತೆ ತಗ್ಗುತ್ತದೆಯೇ ಹೊರತು ಪೂರ್ಣವಾಗಿ ಇಲ್ಲವಾಗುವುದಿಲ್ಲ. ಆದ್ದರಿಂದ ರಕ್ತ ಕೇಂದ್ರದಲ್ಲಿ ಹೊಂದುವ ರಕ್ತವನ್ನು ಮುಂಚಿತವಾಗಿ ಕಾಯ್ದಿರಿಸುವುದು ಅವಶ್ಯಕ. 1996ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಹಣಕ್ಕಾಗಿ ರಕ್ತ ನೀಡುವ ಪದ್ಧತಿಯನ್ನು 1998ರ ಜನವರಿ 1 ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಹಣ ಪಡೆದು ದಾನಿಗಳನ್ನು ಒದಗಿಸುವುದಾಗಿ ಹೇಳುವ ಮಧ್ಯವರ್ತಿಗಳನ್ನು ಸಾರ್ವಜನಿಕರು ಆಶ್ರಯಿಸತಕ್ಕದ್ದಲ್ಲ. ರಕ್ತ ಕೇಂದ್ರಗಳು ಪಡೆಯುವ ಶುಲ್ಕವು ಪರೀಕ್ಷೆ ಮತ್ತು ಸಂಸ್ಕರಣೆಯ ವೆಚ್ಚವೇ ಹೊರತು ರಕ್ತದ ಬೆಲೆಯಲ್ಲ. ಇದಕ್ಕೆ ರಸೀದಿ ಪಡೆದುಕೊಳ್ಳತಕ್ಕದ್ದು. ಕೇಂದ್ರಗಳಲ್ಲಿನ ರಕ್ತದ ದಾಸ್ತಾನಿನ ವಿವರಗಳನ್ನು ಇ-ರಕ್ತಕೋಶ್ ಜಾಲತಾಣದಲ್ಲಿ ನೋಡಬಹುದು.

18 ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋಗ್ರಾಂ ತೂಕ ಹಾಗೂ ಕನಿಷ್ಠ 12.5 ಗ್ರಾಂ ಹಿಮೋಗ್ಲೋಬಿನ್ ಇರುವ ಆರೋಗ್ಯವಂತರು, ವೈದ್ಯಕೀಯ ತಪಾಸಣೆಗೆ ಒಳಪಟ್ಟು, ರಕ್ತದಾನ ಮಾಡಬಹುದು. ಎರಡು ದಾನಗಳ ನಡುವೆ ಪುರುಷರಿಗೆ 90 ದಿನ ಮತ್ತು ಮಹಿಳೆಯರಿಗೆ 120 ದಿನಗಳ ಅಂತರವಿರಬೇಕು. ಕೆಂಪು ರಕ್ತಕಣಗಳನ್ನು ಕೆಲವು ವಾರಗಳ ಕಾಲ ಇಡಬಹುದಾದರೂ ಪ್ಲೇಟ್‌ಲೆಟ್‌ಗಳು ಸುಮಾರು 5 ದಿನ ಮಾತ್ರ ಬಳಕೆಗೆ ಯೋಗ್ಯ. ಆದುದರಿಂದ ಎಲ್ಲ ದಾನಿಗಳನ್ನೂ ಒಂದೇ ದಿನ ಕರೆತರುವ ಮುನ್ನ ರಕ್ತ ಕೇಂದ್ರದ ಸಲಹೆ ಪಡೆಯುವುದು ಒಳಿತು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಪಡೆಯುವವರು, ತಮ್ಮ ಚಿಕಿತ್ಸಾ ಪ್ಯಾಕೇಜಿನಲ್ಲಿ ಔಷಧ, ರಕ್ತ ಹಾಗೂ ರಕ್ತದ ಘಟಕಗಳ ವೆಚ್ಚ ಯಾವ ಮಟ್ಟಿಗೆ ಸೇರಿದೆ ಎಂಬುದನ್ನು ದಾಖಲಾಗುವ ಮುನ್ನವೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರಲ್ಲಿ ವಿಚಾರಿಸತಕ್ಕದ್ದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಔಷಧ ನೀಡಿದರೂ ಎದೆಯ ಕೊಳವೆಯಲ್ಲಿ ರಕ್ತ ಬರುತ್ತಿದೆ. ಇದು ಅಪಾಯವೇ?
ಉತ್ತರ: ಶಸ್ತ್ರಚಿಕಿತ್ಸೆಯ ನಂತರ ಸ್ವಲ್ಪ ಪ್ರಮಾಣದ ರಕ್ತ ಬರುವುದು ಸಹಜ. ಅದು ಒಳಗೆ ನಿಲ್ಲದೆ ಹೊರಬರಲೆಂದೇ ಕೊಳವೆಗಳನ್ನು ಇರಿಸಲಾಗುತ್ತದೆ. ತೀವ್ರ ನಿಗಾ ಘಟಕದ ಸಿಬ್ಬಂದಿ ಪ್ರತಿ ಗಂಟೆಯ ಪ್ರಮಾಣವನ್ನು ದಾಖಲಿಸುತ್ತಾರೆ. ಕಡಿಮೆಯಾಗುವ ಬದಲು ಹೆಚ್ಚುತ್ತಾ ಹೋದರೆ ಅಥವಾ ಹಠಾತ್ತನೆ ನಿಂತು ರಕ್ತದೊತ್ತಡ ಕುಸಿದರೆ ತುರ್ತು ಕ್ರಮ ಕೈಗೊಳ್ಳಲಾಗುತ್ತದೆ.

ಪ್ರಶ್ನೆ: ಮತ್ತೆ ಎದೆ ತೆರೆಯಬೇಕೆಂದು ವೈದ್ಯರು ಹೇಳಿದರೆ ಮೊದಲ ಶಸ್ತ್ರಚಿಕಿತ್ಸೆ ವಿಫಲವಾಯಿತೆಂದು ಅರ್ಥವೇ?
ಉತ್ತರ: ಇಲ್ಲ. ಇದು ಈ ಶಸ್ತ್ರಚಿಕಿತ್ಸೆಯ ತಿಳಿದಿರುವ ತೊಡಕುಗಳಲ್ಲೊಂದು. ಹೃದಯದ ಸುತ್ತ ರಕ್ತ ತುಂಬಿದರೆ ಹೃದಯ ಹಿಗ್ಗಲಾರದು. ಅಂತಹ ಸಂದರ್ಭದಲ್ಲಿ ವಿಳಂಬವೇ ಹೆಚ್ಚು ಅಪಾಯಕಾರಿ. ಕುಟುಂಬದ ಜವಾಬ್ದಾರಿಯುತ ಸದಸ್ಯರೊಬ್ಬರು ಮೊದಲ ದಿನ ಮತ್ತು ರಾತ್ರಿ ಆಸ್ಪತ್ರೆಯಲ್ಲಿಯೇ ಲಭ್ಯವಿರುವುದು ಸೂಕ್ತ.

ಪ್ರಶ್ನೆ: ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಯನ್ನು ಮನೆಯಲ್ಲಿ ಮೊದಲೇ ಸೇವಿಸಿ ಬರಬಹುದೇ?
ಉತ್ತರ: ಸರ್ವಥಾ ಕೂಡದು. ಅಧಿಕ ಮುಟ್ಟಿನ ರಕ್ತಸ್ರಾವ ಇತ್ಯಾದಿಗಳಿಗೆ ಈ ಮಾತ್ರೆಯನ್ನು ವೈದ್ಯರು ಸೂಚಿಸುವುದುಂಟು. ಆದರೆ ಹೃದ್ರೋಗಿಯು ತಾನಾಗಿ ಇದನ್ನು ಸೇವಿಸುವುದು ಅಪಾಯಕರ. ಬೇರೆ ಕಾರಣಕ್ಕಾಗಿ ಸೇವಿಸುತ್ತಿದ್ದಲ್ಲಿ ವೈದ್ಯರಿಗೆ ತಿಳಿಸತಕ್ಕದ್ದು.

ಪ್ರಶ್ನೆ: ಕಾಯ್ದಿರಿಸಿದ ರಕ್ತವನ್ನು ಬಳಸದಿದ್ದರೆ ದಾನಿಗಳ ಶ್ರಮ ವ್ಯರ್ಥವಾಯಿತಲ್ಲವೇ?
ಉತ್ತರ: ಇಲ್ಲ. ಬಳಕೆಯಾಗದ ರಕ್ತವು ರಕ್ತ ಕೇಂದ್ರದಲ್ಲಿಯೇ ಉಳಿದು ಅವಶ್ಯಕತೆಯಿರುವ ಮತ್ತೊಬ್ಬ ರೋಗಿಗೆ ಸಲ್ಲುತ್ತದೆ. ರಕ್ತ ಬಳಕೆಯಾಗಲಿಲ್ಲವೆಂದರೆ ರೋಗಿಗೆ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತೆಂದೇ ತಿಳಿಯಬಹುದು.

11. ಸೂಚನೆ

ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಕನಿಷ್ಠ ಈ ಮೂರು ವಿಷಯಗಳನ್ನು ವೈದ್ಯರಲ್ಲಿ ಕೇಳಿ ತಿಳಿಯುವುದು ರೋಗಿಯ ಹಕ್ಕಾಗಿರುತ್ತದೆ: ರಕ್ತಸ್ರಾವ ತಡೆಯಲು ಯಾವ ಔಷಧ ನೀಡಲಾಗುವುದು, ರೋಗಿಯ ವಿಷಯದಲ್ಲಿ ಅದರ ವಿಶೇಷ ಅಪಾಯಗಳೇನು, ಎಷ್ಟು ಯೂನಿಟ್ ರಕ್ತವನ್ನು ಕಾಯ್ದಿರಿಸಬೇಕು. ವಿವರಣೆಯು ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದು ಕೋರಬಹುದು. ಉತ್ತರಗಳನ್ನು ಕೇಳಿ ತಿಳಿದ ನಂತರವೇ ಸಹಿ ಮಾಡುವಂತೆ ಸಾರ್ವಜನಿಕರಲ್ಲಿ ವಿನಂತಿಸಲಾಗಿದೆ.